ಕುಂಕುಮ ಹತ್ತಿದ ರೂಪಾಯಿ

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿಕೊಂಡು ಹೊಟ್ಟೆ ಹೊರೆದವಳು ನಾನು. ಹಣ ಎಂದರೇನು ಎಂಬ ಪಾಠ ಪ್ರತಿ ವರ್ಷವೂ ಮಳೆಗಾಲದ ಶುರುವಿನಲ್ಲೇ ಬರುತ್ತಿತ್ತು. ಹಣ ವಿನಿಮಯದ ಮಾಧ್ಯಮ, ಹಣ ಮೌಲ್ಯದ ಅಳತೆಗೋಲು, ಹಣ ಸಂಪತ್ತನ್ನು ಕೂಡಿಡುವ ಸಾಧನ. ಒಂದು ರೂಪಾಯಿಗೂ ಇನ್ನೊಂದು ರೂಪಾಯಿಗೂ ವ್ಯತ್ಯಾಸವಿಲ್ಲ, ಅದೇ ಹಣದ ಗುಣ. ಮಕ್ಕಳು ತಲೆ ಬಗ್ಗಿಸಿಕೊಂಡು ಬರೆದುಕೊಳ್ಳುತ್ತಿದ್ದವು. ಆ ಕೊನೆಯ ಮಾತು ಹೇಳುವಾಗ ಮಾತ್ರ ನನಗೆ ಬಾಯಿ ಕಹಿಯಾಗುತ್ತಿತ್ತು. ಅದು ಸುಳ್ಳು ಅಂತಲ್ಲ, ಪರೀಕ್ಷೆಗೆ ಅದೇ ಸರಿಯುತ್ತರ. ಆದರೆ ಆ ಉತ್ತರವನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ಚಿಂತಾಮಣಿಯಿಂದ ವಾಪಸ್ಸು ಬರುವ ಬಸ್ಸಿನಲ್ಲಿ, ನಮ್ಮಪ್ಪನ ಬಾಯಿಂದ.

ನಮ್ಮೂರು ಸಾದಲಿಗೆ ಹತ್ತಿರದ ಒಂದು ಹಳ್ಳಿ. ಉಣ್ಣಲು ಉಡಲು ಕೊರತೆಯಿಲ್ಲದ ಮನೆ ನಮ್ಮದು. ರಾಗಿ ಹೊಲ, ಸಿಹಿನೀರಿನ ಬಾವಿ, ಅದರ ಸುತ್ತ ಹಿಪ್ಪುನೇರಳೆ ತೋಟ. ಮನೆಯ ನಡುವಣ ದೊಡ್ಡ ಅಂಕಣವನ್ನು ರೇಷ್ಮೆ ಹುಳುಗಳಿಗೆ ಬಿಟ್ಟುಕೊಟ್ಟು ನಾವು ಮೂಲೆಗಳಲ್ಲಿ ಬದುಕುತ್ತಿದ್ದೆವು. ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹೊತ್ತು ಹೊತ್ತಿಗೆ ಹಾಕುವುದು, ಹಿಕ್ಕೆ ಬಳಿಯುವುದು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡುವುದು, ಎಲ್ಲಾ ಅಮ್ಮನ ಕೆಲಸ. ಗೂಡು ಬಿಡಿಸಿ ಚೀಲಕ್ಕೆ ತುಂಬಿದ ಮೇಲೆ ಅದು ಅಪ್ಪನ ಕೆಲಸ. ಬಿಳಿ ಜುಬ್ಬ ತೊಟ್ಟು ಗಾಡಿ ಕಟ್ಟಿಸಿಕೊಂಡು ಶಿಡ್ಲಘಟ್ಟಕ್ಕೆ ಹೋಗುವರು, ಮಾರುವರು, ದುಡ್ಡನ್ನು ಜುಬ್ಬದ ಒಳಜೇಬಿಗೆ ಇಟ್ಟುಕೊಂಡು ಬರುವರು. ಹುಳ ಸಾಕುವುದು ಹೆಂಗಸರಿಗೆ, ಗೂಡು ಮಾರುವುದು ಗಂಡಸರಿಗೆ. ಈ ಕಟ್ಟಳೆ ಮಾಡಿದ ಪುಣ್ಯಾತ್ಮರಿಗೆ ದುಡ್ಡು ಯಾವ ಜಾಗದಲ್ಲಿ ಹುಟ್ಟುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು. ಅಮ್ಮನಿಗೆ ಒಂದು ಕಟ್ಟು ಬಳೆ ಬೇಕಾದರೂ ಅಪ್ಪನ ಮುಖ ನೋಡಿ, ಒಳ್ಳೆಯ ಗಳಿಗೆ ಕಾದು ಕೇಳಬೇಕಾಗಿತ್ತು.

ಅಮ್ಮನದು ಅಂತ ಆ ಮನೆಯಲ್ಲಿ ಇದ್ದದ್ದು ಇಪ್ಪತ್ತೊಂದು ಬೆಳ್ಳಿ ರೂಪಾಯಿ. ಅವಳ ತವರು ನಂದಿಯ ಕಡೆ. ಮದುವೆಯಾಗಿ ಹೊರಡುವಾಗ ಅವಳಮ್ಮ ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಕಟ್ಟಿ ಮಡಿಲಿಗೆ ಹಾಕಿದ್ದಂತೆ. ಅವು ಖರ್ಚು ಮಾಡುವ ದುಡ್ಡಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ಕಲಶದೊಳಗೆ ಅಕ್ಕಿಯ ಮೇಲೆ ಅವನ್ನು ಹರಡಿ, ಒಂದೊಂದಕ್ಕೂ ಕುಂಕುಮವಿಟ್ಟು ಪೂಜೆ ಮಾಡುವಳು. ಆಮೇಲೆ ತೊಳೆಯುವ ಹಾಗಿಲ್ಲ. ಹಾಗೇ ಕಟ್ಟಿ ಪೆಟ್ಟಿಗೆಗೆ ಹಾಕುವಳು. ವರ್ಷ ವರ್ಷದ ಕುಂಕುಮ ಕೂತು ಕೂತು ರಾಣಿಯ ಮುಖ, ಬೋಡುತಲೆ ರಾಜನ ಮುಖ, ಕಿರೀಟದ ರಾಜನ ಮುಖ ಎಲ್ಲ ಕೆಂಪಗಾಗಿದ್ದವು. ಅಮ್ಮನಿಗೆ ಅವು ಒಂದೊಂದೂ ಗುರುತು. ಅಂಚು ಸವೆದದ್ದು ಯಾವುದು, ಗೀರು ಬಿದ್ದದ್ದು ಯಾವುದು, ಕಣ್ಣು ಮುಚ್ಚಿಕೊಂಡು ಹೇಳುವಳು. ಒಂದು ವರ್ಷ ಹುಳುಗಳೆಲ್ಲ ರೋಗ ಬಂದು ಸತ್ತವು, ನನ್ನ ತಮ್ಮನಿಗೆ ವಿಷಮಶೀತಜ್ವರ ಬಂತು. ಆಗಲೂ ಆ ಗಂಟು ಬಿಚ್ಚಲಿಲ್ಲ.

ಆಣೆ ಹೋಗಿ ನಯಾ ಪೈಸೆ ಬಂದ ಹೊಸದರಲ್ಲಿ ನಮ್ಮ ಕಡೆ ಒಂದು ಸಹಕಾರ ಸಂಘ ಶುರುವಾಯಿತು. ಎಲ್ಲರೂ ಅದನ್ನು ಸೊಸೈಟಿ ಅನ್ನುತ್ತಿದ್ದರು. ಠೇವಣಿ ತೆಗೆದುಕೊಳ್ಳುವುದು, ಗೊಬ್ಬರಕ್ಕೆ ಬಾವಿಗೆ ಸಾಲ ಕೊಡುವುದು ಅದರ ಕೆಲಸ. ಅಪ್ಪನಿಗೆ ಅದರ ಡೈರೆಕ್ಟರ್ ಆಗಬೇಕು ಅಂತ ಹುಚ್ಚು ಹಿಡಿಯಿತು. ಆಗುವುದಕ್ಕೆ ಇಷ್ಟು ಷೇರು ತೆಗೆದುಕೊಂಡಿರಬೇಕು, ಜೊತೆಗೆ ನಾಲ್ಕು ಜನರಿಂದ ಠೇವಣಿ ಇಡಿಸಬೇಕು. ದುಡ್ಡಿನ ವಿಷಯದಲ್ಲಿ ಅಪ್ಪ ಮಹಾ ಬಿಗಿ. ಗೂಡಿನ ದುಡ್ಡು ಬಾವಿಗೆ ಪಂಪು ಹಾಕಿಸಲು ಎತ್ತಿಟ್ಟದ್ದು, ಅದನ್ನು ಮುಟ್ಟಲು ಮನಸ್ಸಿಲ್ಲ. ಕುರ್ಚಿ ಮಾತ್ರ ಬೇಕು.

ಸಂಘದ ಪರವಾಗಿ ಚಿಕ್ಕಬಳ್ಳಾಪುರದಿಂದ ಒಬ್ಬ ಅಧಿಕಾರಿ ಬಂದರು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಊಟವಾದ ಮೇಲೆ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಾ, "ಮನೇಲಿಟ್ಟ ದುಡ್ಡು ಮಲಗಿರುತ್ತೆ, ಸೊಸೈಟೀಲಿಟ್ಟ ದುಡ್ಡು ದುಡಿಯುತ್ತೆ. ಹೆಂಗಸ್ರು ಮೊದಲು ಇದನ್ನ ತಿಳ್ಕೋಬೇಕು," ಎಂದರು. ಅಪ್ಪ ಬಾಗಿಲ ಕಡೆ ತಿರುಗಿ, "ಕೇಳಿಸ್ಕೊಂಡೇನೇ? ಡೈರೆಕ್ಟರ್ ಆಗೋನ ಮನೆ ಹೆಂಗಸೇ ಇಡದಿದ್ರೆ ಊರೋರು ಇಡ್ತಾರಾ?" ಎಂದರು.

ಅಮ್ಮ ಬಾಗಿಲ ಮರೆಯಿಂದಲೇ ಕೇಳಿದಳು. "ನನ್ನ ರೂಪಾಯಿ ನಂಗೆ ಹಬ್ಬಕ್ಕೆ ಬೇಕಲ್ಲ?"

ಅಧಿಕಾರಿ ನಕ್ಕರು. "ಅಯ್ಯೋ, ಹಬ್ಬಕ್ಕೆ ಬೇಕಾದ್ರೆ ಬಂದು ತಗೊಂಡು ಹೋಗಿ ತಾಯಿ. ನಿಮ್ಮ ದುಡ್ಡು ನಿಮ್ದೇ. ಎಲ್ಲಿಗೆ ಹೋಗುತ್ತೆ?"

ಅಮ್ಮ ಮನಸ್ಸಿನಲ್ಲಿಟ್ಟುಕೊಂಡದ್ದು ಬೆಳ್ಳಿ ರೂಪಾಯಿ ಅಂತ ಅವರಿಗೆ ಏನು ಗೊತ್ತು? ಅವರು ಎಲ್ಲಾ ಊರಲ್ಲೂ ಹೇಳುವ ಮಾತನ್ನೇ ಇಲ್ಲೂ ಹೇಳಿದರು. ಅಮ್ಮ ಅದನ್ನು ಅಕ್ಷರಶಃ ನಂಬಿದಳು. ನಂಬುವುದಕ್ಕೆ ಕಾರಣವಿತ್ತು. ನಮ್ಮ ಕಡೆ ಯಾರಾದರೂ ತಿರುಪತಿಗೋ ಕಾಶಿಗೋ ಹೊರಟರೆ ಒಡವೆ ಗಂಟನ್ನು ನಮ್ಮ ಮನೆಯಲ್ಲಿಟ್ಟು ಹೋಗುವರು. ಅಮ್ಮ ಆ ಗಂಟನ್ನು ಪೆಟ್ಟಿಗೆಯಲ್ಲಿಡುವಳೇ ಹೊರತು ಬಿಚ್ಚಿ ನೋಡುತ್ತಿರಲಿಲ್ಲ. ಅವರು ಬಂದಾಗ ಅದೇ ಗಂಟು, ಅದೇ ಬಟ್ಟೆ, ಅದೇ ಕಟ್ಟು. ಒಬ್ಬರ ಹತ್ತಿರ ಇಡುವುದು ಅಂದರೆ ಅವಳಿಗೆ ಅದೇ ಅರ್ಥ. ಸೊಸೈಟಿಯ ಕಬ್ಬಿಣದ ಪೆಟ್ಟಿಗೆ ಅಂದರೆ ನಮ್ಮ ಮನೆಯ ಪೆಟ್ಟಿಗೆಗಿಂತ ದೊಡ್ಡದು, ಗಟ್ಟಿ, ಅಷ್ಟೆ.

ಮಾರನೇ ದಿನ ಗಂಟನ್ನು ದೇವರ ಮುಂದಿಟ್ಟು ಕೈಮುಗಿದು ಅಪ್ಪನ ಕೈಗೆ ಕೊಟ್ಟಳು. ಸೊಸೈಟಿಗೆ ಹೆಂಗಸರು ಹೋಗುವ ವಾಡಿಕೆ ಇರಲಿಲ್ಲ. ಅಪ್ಪ ತಕ್ಷಣ ಹೋಗಲಿಲ್ಲ. ಚಿಂತಾಮಣಿಯಲ್ಲಿ ಜಮೀನಿನ ಕೆಲಸವಿದೆ ಅಂತ ಎರಡು ದಿನ ಊರಿಗೇ ಬರಲಿಲ್ಲ. ಬಂದಾಗ ಅಮ್ಮನ ಹೆಸರಿನ ಪಾಸ್‌ಬುಕ್ಕು ತಂದರು. ಅಕ್ಷರ ಬಾರದ ಅಮ್ಮ ಅದನ್ನು ನನ್ನಿಂದ ಓದಿಸಿದಳು. ತನ್ನ ಹೆಸರನ್ನು ಸರ್ಕಾರದ ಮಸಿಯಲ್ಲಿ ಯಾರೋ ಬರೆದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಬೆರಳಿನಲ್ಲಿ ಸವರಿ ನೋಡಿದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿದ್ದು ಕಡಿಮೆ. ತಿಂಗಳೊಳಗೆ ಅಪ್ಪ ಡೈರೆಕ್ಟರ್ ಆದರು, ಹಾರ ಹಾಕಿಸಿಕೊಂಡು ಬಂದರು.

ಶ್ರಾವಣ ಬಂತು. ಹಬ್ಬದ ಹಿಂದಿನ ದಿನ ಅಪ್ಪ ಶಿಡ್ಲಘಟ್ಟಕ್ಕೆ ಹೋಗಿದ್ದರು. ಅಮ್ಮ ತಲೆಗೆ ಎರೆದುಕೊಂಡು, ಮದುವೆಯ ಸೀರೆ ಉಟ್ಟು, ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ, ಹೂವು, ವೀಳ್ಯದೆಲೆ ಇಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಸೊಸೈಟಿಗೆ ನಡೆದಳು. "ಲಕ್ಷ್ಮೀನ ಮನೆಗೆ ಕರ್ಕೊಂಡು ಬರೋಕೆ ಬರಿಗೈಲಿ ಹೋಗಬಾರದು ಕಣೇ," ಎಂದಳು. ಅವಳ ಹಿಂದೆ ನಡೆಯುವುದಕ್ಕೆ ನನಗೂ ಒಂದು ಬಗೆಯ ಠೀವಿ.

ಸೊಸೈಟಿಯ ಗುಮಾಸ್ತ ಗೌರಿಬಿದನೂರಿನ ಕಡೆಯ ಹುಡುಗ, ಆಗ ತಾನೇ ಕೆಲಸಕ್ಕೆ ಸೇರಿದ್ದ. ಮೆತ್ತಗೆ ಮಾತಾಡುವವನು. ಅಮ್ಮನನ್ನು ನೋಡಿ ಎದ್ದು ನಿಂತ. "ಏನಮ್ಮ ಬೇಕಾಗಿತ್ತು?"

"ನಮ್ಮ ರೂಪಾಯಿ ಕೊಡಪ್ಪ. ನಾಳೆ ಹಬ್ಬ. ನಾಳಿದ್ದು ಮತ್ತೆ ತಂದು ಇಡ್ತೀನಿ."

ಅವನು ಹೆಬ್ಬೆಟ್ಟು ಒತ್ತಿಸಿಕೊಂಡು ಹತ್ತರ ಎರಡು ನೋಟು, ಒಂದರ ಒಂದು ನೋಟು ತಟ್ಟೆಯ ಅಕ್ಕಿಯ ಮೇಲಿಟ್ಟ.

"ಇದೇನಪ್ಪ ಇದು? ಇದು ನಂದಲ್ಲ. ನಂದು ಬೆಳ್ಳೀದು. ಅರಿಶಿನದ ಬಟ್ಟೇಲಿ ಕಟ್ಟಿರೋದು. ಒಳಗಡೆ ಸರಿಯಾಗಿ ನೋಡು, ಇರುತ್ತೆ."

ಬೀಜ ಗೊಬ್ಬರಕ್ಕೆ ಬಂದಿದ್ದ ಗಂಡಸರು ಘೊಳ್ಳನೆ ನಕ್ಕರು. ಒಬ್ಬ, "ಅಕ್ಕಯ್ಯ, ಇದೇನು ಮಡಿವಾಳರ ಮನೇನಾ, ನಿನ್ನ ಸೀರೇನೇ ಹುಡುಕಿ ನಿಂಗೆ ಕೊಡೋಕೆ?" ಎಂದ. ಮತ್ತೆ ನಗು. ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಗುಮಾಸ್ತ ಮಾತ್ರ ನಗಲಿಲ್ಲ. ತಗ್ಗಿದ ದನಿಯಲ್ಲಿ ತಿಳಿಸಿ ಹೇಳಿದ. "ಇಲ್ಲಿ ಎಲ್ಲರ ದುಡ್ಡೂ ಬೆರೆತು ಹೋಗುತ್ತೆ ಅಮ್ಮ. ನೀವು ಇಟ್ಟಿದ್ದು ಇನ್ಯಾರಿಗೋ ಸಾಲ ಹೋಗಿರುತ್ತೆ, ಅವರು ಕಟ್ಟಿದ್ದು ನಿಮಗೆ ಬರುತ್ತೆ. ಮೊತ್ತ ಸರಿಯಾಗಿದ್ರೆ ಆಯ್ತು. ಆದ್ರೆ ರಾಜನ ಕಾಲದ ಬೆಳ್ಳಿ ರೂಪಾಯಿ ಈಗ ಚಲಾವಣೇಲೇ ಇಲ್ಲ. ಯಾರು ತಂದ್ರೂ ನಾನು ತಗೊಳ್ಳೋ ಹಂಗಿಲ್ಲ. ಅವತ್ತು ಯಜಮಾನ್ರು ಕಟ್ಟಿದ್ದು ನೋಟು. ನಂಗೆ ಚೆನ್ನಾಗಿ ಜ್ಞಾಪಕ ಇದೆ."

ಅಮ್ಮ ತಟ್ಟೆಯನ್ನೇ ನೋಡುತ್ತಾ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಗಂಡಸರ ನಗು ತಾನಾಗಿಯೇ ನಿಂತಿತು. ಆಮೇಲೆ ತಲೆಯೆತ್ತಿ, ನಾನು ಅವಳ ಬಾಯಲ್ಲಿ ಎಂದೂ ಕೇಳದ ದನಿಯಲ್ಲಿ ಕೂಗಿದಳು. "ಕಳ್ಳ! ನನ್ನ ಲಕ್ಷ್ಮೀನ ನುಂಗಿ ಕಾಗದ ಕೊಡ್ತೀಯಾ? ನಿನ್ನ ಮನೆ ಹಾಳಾಗ! ನಿನ್ನ ಕೈ ಸೇದಿಹೋಗ!" ನೋಟುಗಳನ್ನು ಅವನ ಮೇಜಿನ ಮೇಲೆ ಎಸೆದು, ತಟ್ಟೆ ಎತ್ತಿಕೊಂಡು ಹೊರಬಂದಳು. ನಕ್ಕ ಜನವೇ ಸಂಜೆಯ ಹೊತ್ತಿಗೆ ಅವಳ ಕಡೆಯಾದರು. ಹೆಂಗಸು ಅಷ್ಟು ಧೈರ್ಯವಾಗಿ ಕೂಗಬೇಕಾದರೆ ಅದರಲ್ಲಿ ಏನೋ ಇರಲೇಬೇಕು ಅಂದರು. ಗುಮಾಸ್ತನೇ ಬೆಳ್ಳಿ ಇಟ್ಟುಕೊಂಡು ತನ್ನ ಜೇಬಿನಿಂದ ನೋಟು ಹಾಕಿದ್ದಾನೆ ಅಂತ ಊರು ತೀರ್ಮಾನ ಮಾಡಿತು.

ಅಪ್ಪ ಬಂದು ಅಮ್ಮನನ್ನು ಬೈದರು. "ಸೊಸೈಟೀಲಿ ನಿಂತ್ಕೊಂಡು ಕೂಗಾಡಿದ್ಯಂತೆ, ಮಾನ ಇದೆಯೇನೇ ನಿಂಗೆ?" ಅಂದರು. ಮಾರನೇ ದಿನ ಕಲಶಕ್ಕೆ ಅಪ್ಪನೇ ಒಂದು ಹಿಡಿ ಹೊಸ ನಯಾ ಪೈಸೆ ತಂದು ಸುರಿದರು. ಗುಂಡಿಯಷ್ಟು ಪುಟ್ಟ ನಾಣ್ಯಗಳು, ಫಳಫಳ ಹೊಳೆಯುತ್ತಿದ್ದವು. ಅಮ್ಮ ಒಂದಕ್ಕೂ ಕುಂಕುಮ ಇಡಲಿಲ್ಲ.

ನಾಲ್ಕು ದಿನ ಬಿಟ್ಟು ಆ ಗುಮಾಸ್ತ ನಮ್ಮ ಮನೆಗೆ ಬಂದ. ಮಾರನೇ ದಿನ ಸೊಸೈಟಿಯಲ್ಲಿ ಡೈರೆಕ್ಟರುಗಳ ಸಭೆ ಇತ್ತು. ಅಪ್ಪ ಜಗಲಿಯಲ್ಲಿ ಕೂತಿದ್ದರು. ಅವನು ಮೆಟ್ಟಿಲ ಕೆಳಗೇ ನಿಂತುಕೊಂಡ.

"ಸ್ವಾಮಿ, ನೀವೇ ಒಂದು ಮಾತು ಹೇಳ್ಬೇಕು. ಅವತ್ತು ನೀವು ಕಟ್ಟಿದ್ದು ನೋಟಲ್ವಾ?"

ಅಪ್ಪ ಅಡಿಕೆ ಕತ್ತರಿಸುತ್ತಾ ಹೇಳಿದರು. "ದಿನಾ ಎಷ್ಟೋ ಕೊಡ್ತೀವಿ, ಎಷ್ಟೋ ತಗೊಳ್ತೀವಿ. ನೋಟೋ ನಾಣ್ಯಾನೋ ಯಾರಿಗಪ್ಪ ಜ್ಞಾಪಕ ಇರುತ್ತೆ? ಅದೂ ಅಲ್ದೆ ಇದು ನನ್ನ ಮನೆ ವಿಷಯ. ನಾನು ಬಾಯಿ ಹಾಕಿದ್ರೆ ಪಕ್ಷಪಾತ ಅಂತಾರೆ. ಸಭೆ ಏನು ಹೇಳುತ್ತೋ ಅದಕ್ಕೆ ನಾನೂ ತಲೆಬಾಗ್ತೀನಿ."

ಅದೇನು ಧರ್ಮ, ಅದೇನು ನ್ಯಾಯ! ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ. ಆ ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ಬಾಗಿಲ ಕಡೆ ನೋಡಿದ. ಅಮ್ಮ ಬಾಗಿಲ ಹಿಂದೆ ನಿಂತಿರುವುದು ಅವನಿಗೆ ಗೊತ್ತಿತ್ತು, ಬಳೆ ಸದ್ದಾಗಿತ್ತು. "ಅಮ್ಮಾ, ನೀವಾದ್ರೂ ಒಂದ್ಸಲ ಯೋಚನೆ ಮಾಡಿ ಹೇಳಿ. ಮನೇಲಿ ತಂಗೀರಿದಾರೆ. ಕಳ್ಳ ಅನ್ನಿಸ್ಕೊಂಡು ನಾನು ಊರಿಗೆ ಹೆಂಗೆ ಹೋಗ್ಲಿ?"

ಅಮ್ಮ ಹೊರಗೆ ಬರಲಿಲ್ಲ. ನನ್ನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟು, "ಕೊಟ್ಟು ಬಾ, ಬಿಸಿಲಲ್ಲಿ ಬಂದಿದಾನೆ," ಎಂದಳು. ಬೈದವಳೇ ಮಜ್ಜಿಗೆ ಕಳಿಸುತ್ತಾಳಲ್ಲ ಅಂತ ನನಗೆ ಆಶ್ಚರ್ಯವಾಯಿತು. ಅವನು ಲೋಟ ನೋಡಿದ, ಬಾಗಿಲು ನೋಡಿದ, ಮುಟ್ಟದೆ ತಿರುಗಿ ನಡೆದ. ಸಭೆಯಲ್ಲಿ ಅವನ ಕೈಯಿಂದಲೇ ರಾಜೀನಾಮೆ ಬರೆಸಿಕೊಂಡರು. ಅಮ್ಮ ಎಸೆದ ನೋಟುಗಳನ್ನು ಮತ್ತೆ ಅವಳ ಲೆಕ್ಕಕ್ಕೇ ಜಮಾ ಮಾಡಿದರು. ಅವನ ಸ್ಟೂಲಿನ ಮೇಲೆ ಬೇರೆ ಯಾರೋ ಡೈರೆಕ್ಟರರ ಭಾವಮೈದ ಬಂದು ಕೂತ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಚಿಂತಾಮಣಿಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು, ನನ್ನ ಚಪ್ಪಲಿಗೆ ಅಳತೆ ಬೇಕಾಗಿತ್ತು. ಪೇಟೆ ಬೀದಿಯಲ್ಲಿ ನಡೆಯುತ್ತಿದ್ದಾಗ ಒಬ್ಬ ಅಕ್ಕಸಾಲಿ ಅಂಗಡಿಯೊಳಗಿಂದಲೇ ಕೂಗಿ ಕರೆದ. ಅಪ್ಪ ಕೇಳಿಸದವರ ಹಾಗೆ ಹೆಜ್ಜೆ ಜೋರು ಮಾಡಿದರು. ಅವನು ಬಿಡಬೇಕಲ್ಲ, ಬೀದಿಗೇ ಬಂದ.

"ಏನು ಸ್ವಾಮಿ, ನೋಡ್ದೇ ಇದ್ದಂಗೆ ಹೋಗ್ತಿದೀರಿ? ಬನ್ನಿ, ಕೂತ್ಕೊಳ್ಳಿ. ಅವತ್ತು ತಂದಿದ್ರಲ್ಲ, ಅಂಥ ರೂಪಾಯಿ ಇನ್ನೂ ಇದ್ರೆ ಕೊಡಿ. ಈಗ ಅದಕ್ಕಿಂತ ಜಾಸ್ತೀನೇ ಹಾಕ್ಕೊಡ್ತೀನಿ. ಒಳ್ಳೆ ಬೆಳ್ಳಿ. ಆದ್ರೆ ಆ ಕುಂಕುಮ ಹೋಗಿಸೋ ಅಷ್ಟರಲ್ಲಿ ನಮ್ಮ ಹುಡುಗನಿಗೆ ಸಾಕುಸಾಕಾಯ್ತು!"

ಅಪ್ಪ ಏನೋ ಗೊಣಗಿ ಮುಂದೆ ನಡೆದರು. ಚಪ್ಪಲಿ ಅಂಗಡಿಗೂ ಹೋಗಲಿಲ್ಲ, ನೇರವಾಗಿ ಬಸ್ಸು. ಕೂತ ಮೇಲೆ ನಾನು ಕೇಳಿಯೇಬಿಟ್ಟೆ. "ಅಪ್ಪ, ಅಮ್ಮನ ರೂಪಾಯಿ ನೀವು ಮಾರಿದ್ರಾ?"

ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಪಾಠ ಹೇಳುವವರ ಹಾಗೆ ಹೇಳಿದರು. "ನೋಡಮ್ಮ, ಅದು ಈಗ ದುಡ್ಡೇ ಅಲ್ಲ, ಬರೀ ಬೆಳ್ಳಿ. ದುಡ್ಡಲ್ಲದ್ದನ್ನ ನಾನು ದುಡ್ಡು ಮಾಡ್ದೆ. ಇಪ್ಪತ್ತೊಂದು ಕೊಟ್ಲು, ಇಪ್ಪತ್ತೊಂದು ಅವಳ ಹೆಸರಲ್ಲಿ ಕಟ್ಟಿದೀನಿ. ಒಂದು ರೂಪಾಯಿ ಇನ್ನೊಂದು ರೂಪಾಯಿಗೆ ಸಮ. ನಿಮ್ಮಮ್ಮಂಗೆ ಒಂದು ಕಾಸೂ ಮೋಸ ಆಗಿಲ್ಲ."

"ಜಾಸ್ತಿ ಬಂದಿದ್ದು?"

"ಷೇರು ತಗೊಂಡೆ. ಅದೂ ಮನೆಗೇ ತಾನೆ?"

"ಆ ಗುಮಾಸ್ತ?"

"ಅವನಿಗೇನು, ಓದಿದೋನು. ಎಲ್ಲಾದ್ರೂ ಇನ್ನೊಂದು ಕೆಲಸ ಸಿಗುತ್ತೆ. ಬಾಯಿ ಮುಚ್ಕೊಂಡು ಕೂತ್ಕೊ."

ಅಷ್ಟೆ. ಬೆಳ್ಳಿಯ ಬೆಲೆ ರೂಪಾಯಿಯ ಬೆಲೆಗಿಂತ ಏರಿದರೆ ನಾಣ್ಯ ಪೇಟೆ ಬಿಟ್ಟು ಅಕ್ಕಸಾಲಿಯ ಮೂಸೆಗೆ ಹೋಗುತ್ತದೆ. ಇದನ್ನೂ ಮುಂದೆ ನಾನು ಪಾಠ ಮಾಡಿದ್ದೇನೆ. ಏರಿದ ಬೆಲೆ ಯಾರ ಜೇಬಿಗೆ ಹೋಗುತ್ತದೆ ಅನ್ನುವ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ಮನೆ ಸೇರಿದವಳೇ ನಾನು ಹಿತ್ತಿಲಿಗೆ ಓಡಿದೆ. ಅಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ಕೂತಿದ್ದಳು. ಒಂದೇ ಉಸಿರಿಗೆ ಎಲ್ಲಾ ಹೇಳಿದೆ, ಅಕ್ಕಸಾಲಿ, ಕುಂಕುಮ, ಷೇರು, ಎಲ್ಲಾ. ಅವಳು ಕಿರುಚುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಅಪ್ಪನ ಮುಂದೆ ಹೋಗಿ ನಿಲ್ಲುತ್ತಾಳೆ ಅಂತ ಕಾದೆ. ಕುಡುಗೋಲು ನಿಲ್ಲಲೂ ಇಲ್ಲ.

"ಗೊತ್ತು ಕಣೇ," ಎಂದಳು.

"ಗೊತ್ತಾ? ಯಾವಾಗಿಂದ?"

"ಆ ಹುಡುಗ ಹೇಳಿದ ತಕ್ಷಣ ಗೊತ್ತಾಯ್ತು. ಎರಡು ದಿನ ಚಿಂತಾಮಣೀಲಿ ಏನು ಮಾಡ್ತಿದ್ರು ನಿಮ್ಮಪ್ಪ ಅಂತ ಅಲ್ಲೇ ಹೊಳೀತು."

ನನಗೆ ಅಳು ಬಂತು. ಸಿಟ್ಟಿನ ಅಳು. "ಮತ್ತೆ ಅವನನ್ನ ಯಾಕಮ್ಮ ಕಳ್ಳ ಅಂದೆ? ಅವನು ಮನೇಗೆ ಬಂದು ಬೇಡ್ಕೊಂಡನಲ್ಲ, ಆವಾಗ್ಲಾದ್ರೂ ಹೇಳಬೇಕಾಗಿತ್ತು. ಈಗ್ಲಾದ್ರೂ ಹೇಳು. ನಾನೂ ಬರ್ತೀನಿ, ಸೊಸೈಟಿಗೆ ಹೋಗಣ."

ಅಮ್ಮ ಆಗ ಕುಡುಗೋಲು ಕೆಳಗಿಟ್ಟಳು. ನನ್ನ ಮುಖವನ್ನೇ ನೋಡಿದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಅಷ್ಟು ಜನ ಗಂಡಸ್ರ ಮುಂದೆ ನನ್ನ ಲಕ್ಷ್ಮಿ ಹೋದ್ಲು ಅಂತ ಯಾರನ್ನಾದ್ರೂ ಬೈಬೇಕಾಗಿತ್ತು. ಕಟ್ಕೊಂಡ ಗಂಡನ್ನ ಬೈದಿದ್ರೆ ರಾತ್ರಿ ಯಾವ ಮನೆಗೆ ಬರ್ಲಿ? ಪಾಪ, ಆ ಹುಡುಗ ಎದುರಿಗಿದ್ದ." ಹೆಚ್ಚಿದ ಸೊಪ್ಪನ್ನು ಕುಕ್ಕೆಗೆ ತುಂಬುತ್ತಾ ಹೇಳಿದಳು. "ಈ ಮನೇಲಿ ನನ್ನ ಹೆಸರಲ್ಲಿರೋದು ಆ ಪಾಸ್‌ಬುಕ್ಕಿನ ಇಪ್ಪತ್ತೊಂದು ರೂಪಾಯಿ ಕಣೇ. ಅಷ್ಟರಲ್ಲಿ ಎಷ್ಟು ದಿನ ಅಂತ ನಿಜ ಹೇಳ್ಕೊಂಡು ಬದುಕ್ಲಿ?"

ಅಮ್ಮ ಸೊಪ್ಪಿನ ಕುಕ್ಕೆ ಎತ್ತಿಕೊಂಡು ಒಳಗೆ ಹೋದಳು. ಹುಳುಗಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದಿದ್ದವು, ಆ ಹೊತ್ತಿನಲ್ಲಿ ಅವಕ್ಕೆ ಹಸಿವು ಜಾಸ್ತಿ. ಆ ಬೆಳೆಯ ಗೂಡಿಗೆ ಶಿಡ್ಲಘಟ್ಟದಲ್ಲಿ ಒಳ್ಳೆಯ ಬೆಲೆ ಸಿಕ್ಕಿತು. ಅಪ್ಪ ದುಡ್ಡನ್ನು ಜುಬ್ಬದ ಒಳಜೇಬಿಗೆ ಇಟ್ಟುಕೊಂಡು ಬಂದರು.